ಕಬ್ಬಿನ ಟ್ರೇಲರ್ ಜಗ್ಗುವುದು, ಬಾಲ ಬೀಸುವುದು, ಮುಂಗಾಲಿ ಹಗುರಾಗುವುದು: ಕೊಂಡಿಯಿಂದ ಆರಂಭಿಸುವ ದೋಷ ನಿವಾರಣೆ ಕೈಪಿಡಿ

ಕಬ್ಬು ನುರಿಸುವ ಹಂಗಾಮು ಆರಂಭವಾದ ಮೇಲೆ ಮಂಡ್ಯ, ಪಾಂಡವಪುರ, ಮದ್ದೂರು, ಕೆ.ಎಂ. ದೊಡ್ಡಿ ಸುತ್ತಿನ ಟ್ರ್ಯಾಕ್ಟರ್ ಚಾಲಕರಿಂದ ಕೇಳಿಬರುವ ದೂರುಗಳು ಬಹುಮಟ್ಟಿಗೆ ಒಂದೇ ಬಗೆಯವು. ಕ್ಲಚ್ ಬಿಟ್ಟ ಕೂಡಲೇ ಹಿಂದಿನಿಂದ ಯಾರೋ ಒದ್ದಂತಾಗುತ್ತದೆ, ಏರಿನಲ್ಲಿ ಸ್ಟಿಯರಿಂಗ್ ಮಾತು ಕೇಳುವುದಿಲ್ಲ, ಇಳಿಜಾರಿನಲ್ಲಿ ಟ್ರೇಲರ್ ತಳ್ಳಿಕೊಂಡು ಬರುತ್ತದೆ ಎನ್ನುತ್ತಾರೆ. ಗ್ಯಾರೇಜಿಗೆ ಟ್ರ್ಯಾಕ್ಟರನ್ನು ಮಾತ್ರ ಬಿಚ್ಚಿಕೊಂಡು ಹೋದಾಗ ಇವುಗಳಲ್ಲಿ ಒಂದೂ ಕಾಣಿಸುವುದಿಲ್ಲ. ಹಾಗಿದ್ದರೂ ಕ್ಲಚ್ ಪ್ಲೇಟು, ಸ್ಟಿಯರಿಂಗ್ ಬಾಕ್ಸು ಬದಲಾಗಿ, ಹಣ ಖರ್ಚಾಗಿ, ದೋಷ ಮಾತ್ರ ಇದ್ದಲ್ಲೇ ಉಳಿಯುವುದುಂಟು. ಲೋಡು ಕಟ್ಟಿದಾಗ ಮಾತ್ರ ಕಾಣಿಸುವ ದೋಷವನ್ನು ಮೊದಲು ಹುಡುಕಬೇಕಾದದ್ದು ಟ್ರ್ಯಾಕ್ಟರೂ ಟ್ರೇಲರೂ ಸೇರುವ ಕೊಂಡಿಯಲ್ಲಿ ಮತ್ತು ಆ ಕೊಂಡಿಯ ಮೇಲೆ ಬೀಳುವ ಭಾರದಲ್ಲಿ.

ಎತ್ತಿನ ಗಾಡಿ ಹೂಡಿ ಬಲ್ಲ ಹಿರಿಯರಿಗೆ ಮುಂಭಾರ, ಹಿಂಭಾರ ಎಂಬ ಮಾತುಗಳನ್ನು ಬಿಡಿಸಿ ಹೇಳಬೇಕಾಗಿಲ್ಲ. ಹೇರು ಮುಂದಕ್ಕೆ ಕೂತರೆ ನೊಗ ಎತ್ತುಗಳ ಹೆಗಲನ್ನು ಒತ್ತುತ್ತದೆ, ಹಿಂದಕ್ಕೆ ಕೂತರೆ ನೊಗವೇ ಮೇಲೇಳುತ್ತದೆ. ಎರಡು ಗಾಲಿಯ ಟ್ರೇಲರ್ ಕೊಂಡಿಯ ಮೂಲಕ ಟ್ರ್ಯಾಕ್ಟರಿಗೆ ಮಾಡುವುದೂ ಇದನ್ನೇ. ಮೇಲೆ ಕೆಳಗೆ, ಮುಂದೆ ಹಿಂದೆ, ಎಡಕ್ಕೆ ಬಲಕ್ಕೆ ಹೀಗೆ ಮೂರು ದಿಕ್ಕುಗಳಲ್ಲಿ ಕೊಂಡಿ ಬಲವನ್ನು ದಾಟಿಸುತ್ತದೆ. ಮೇಲೆ ಕೆಳಗಿನ ಬಲ ಸ್ಟಿಯರಿಂಗಿನಲ್ಲಿ, ಮುಂದೆ ಹಿಂದಿನದು ಸೀಟಿನಲ್ಲಿ, ಎಡ ಬಲದ್ದು ಹಿಂಗಾಲಿಗಳ ಅಲುಗಾಟದಲ್ಲಿ ಚಾಲಕನಿಗೆ ತಿಳಿಯುತ್ತದೆ. ಯಾವ ದಿಕ್ಕಿನ ಬಲ ಹದ ತಪ್ಪಿದೆ ಎಂಬುದನ್ನು ಗುರುತಿಸಿಕೊಂಡರೆ ಪತ್ತೆಯ ಅರ್ಧ ಕೆಲಸ ಮುಗಿದಂತೆ.

ಕೈಹಾಕುವ ಮುನ್ನ

ಸಮತಟ್ಟಾದ ಗಟ್ಟಿ ನೆಲದಲ್ಲಿ ನಿಲ್ಲಿಸಿ, ಎಂಜಿನ್ ಆರಿಸಿ, ಹ್ಯಾಂಡ್ ಬ್ರೇಕ್ ಹಾಕಿ, ಟ್ರೇಲರಿನ ಗಾಲಿಗಳಿಗೆ ಎರಡೂ ಕಡೆಯಿಂದ ಕಲ್ಲು ಕೊಟ್ಟ ನಂತರವೇ ಕೊಂಡಿಯ ಬಳಿ ಹೋಗಬೇಕು. ಟ್ರ್ಯಾಕ್ಟರ್ ಹಿಂದಕ್ಕೆ ಬರುತ್ತಿರುವಾಗ ಟ್ರೇಲರಿಗೂ ಅದಕ್ಕೂ ನಡುವೆ ಯಾರೂ ನಿಲ್ಲಬಾರದು. ಪಿನ್ನು ಹಾಕಲು ಒಬ್ಬರು ನಡುವೆ ನಿಂತು “ಬಾ, ಬಾ” ಎಂದು ಕರೆಯುವ ರೂಢಿ ನಮ್ಮಲ್ಲಿ ಎಲ್ಲೆಡೆ ಇದೆ. ಕ್ಲಚ್ ಮೇಲಿನ ಕಾಲು ಒಮ್ಮೆ ಜಾರಿದರೆ ಆ ಜಾಗದಿಂದ ತಪ್ಪಿಸಿಕೊಳ್ಳಲು ಸಮಯ ಸಿಗುವುದಿಲ್ಲ.

ಲೋಡಿರುವ ಎರಡು ಗಾಲಿಯ ಟ್ರೇಲರಿನ ಪಿನ್ನನ್ನು ಕೀಳುವುದು ಇನ್ನೂ ಅಪಾಯಕಾರಿ. ಹೇರು ಹಿಂಭಾರವಾಗಿದ್ದರೆ ಪಿನ್ನು ಕಿತ್ತ ಕ್ಷಣದಲ್ಲೇ ಮೂಕಿ ಚಿಮ್ಮಿ ಮೇಲೇಳುತ್ತದೆ, ಮುಂಭಾರವಾಗಿದ್ದರೆ ಕಾಲಿನ ಮೇಲೆ ಕುಸಿಯುತ್ತದೆ. ಟ್ರೇಲರಿನ ಮುಂದಕ್ಕೆ ಚಾಚಿಕೊಂಡಿರುವ ಎಳೆಯುವ ಚೌಕಟ್ಟನ್ನು ಇಲ್ಲಿ ಮೂಕಿ ಎಂದೂ, ಅದರ ತುದಿಯಲ್ಲಿ ಪಿನ್ನು ತೂರುವ ದಪ್ಪ ಉಂಗುರವನ್ನು ಬಳೆ ಎಂದೂ ಕರೆದಿದ್ದೇನೆ. ಕೆಳಗೆ ಹೇಳಿರುವ ಪರೀಕ್ಷೆಗಳಲ್ಲಿ ಪಿನ್ನು ಕೀಳಬೇಕಾದವನ್ನೆಲ್ಲ ಖಾಲಿ ಟ್ರೇಲರಿನಲ್ಲಿ, ಮೂಕಿಯ ಕೆಳಗೆ ಗಟ್ಟಿ ಆಧಾರ ಕೊಟ್ಟು ಮಾಡಬೇಕು. ಬರಿಯ ಜಾಕಿಯನ್ನು ನಂಬಿ ಅಡಿಗೆ ನುಸುಳಬಾರದು.

ನಿಮ್ಮಲ್ಲಿರುವ ಕೊಂಡಿ ಯಾವ ಬಗೆಯದು

ಒಂದೇ ಲಕ್ಷಣಕ್ಕೆ ಬೇರೆ ಬೇರೆ ಕೊಂಡಿಗಳಲ್ಲಿ ಬೇರೆ ಬೇರೆ ಕಾರಣಗಳಿರುವುದರಿಂದ ಇದನ್ನು ಮೊದಲೇ ನೋಡಿಕೊಳ್ಳಬೇಕು.

ಹೆಚ್ಚಾಗಿ ಕಾಣುವುದು ಹಿಂದಿನ ಆಕ್ಸಲ್ ಹೌಸಿಂಗಿಗೆ, ಅಂದರೆ ಹಿಂದಿನ ಅಚ್ಚಿನ ಕವಚಕ್ಕೆ, ಬೋಲ್ಟ್ ಹಾಕಿ ಕೂರಿಸಿರುವ ಕವೆಯಾಕಾರದ ಹಿಚ್. ಕವೆಯ ಎರಡು ತುಟಿಗಳ ನಡುವೆ ಬಳೆಯನ್ನು ಇಟ್ಟು ಮೇಲಿನಿಂದ ಪಿನ್ನು ಇಳಿಸುತ್ತಾರೆ. ಇದು ಅಚ್ಚಿಗೆ ಹತ್ತಿರವಿರುವುದರಿಂದ ಮುಂಗಾಲಿಯನ್ನು ಅಷ್ಟಾಗಿ ಎತ್ತುವುದಿಲ್ಲ, ಎಡ ಬಲಕ್ಕೂ ಅಲುಗುವುದಿಲ್ಲ. ಆದರೆ ಪಿನ್ನು ಮತ್ತು ಬಳೆಯ ನಡುವಿನ ಸಡಿಲು ಅಷ್ಟೂ ಹೊಡೆತವಾಗಿ ಸೀಟಿಗೆ ಬರುತ್ತದೆ.

ಎರಡನೆಯದು ಟ್ರ್ಯಾಕ್ಟರಿನ ಹೊಟ್ಟೆಯ ಕೆಳಗಿನಿಂದ ಹಿಂದಕ್ಕೆ ಬರುವ ಉದ್ದನೆಯ ಡ್ರಾಬಾರ್. ಹೊಲದಲ್ಲಿ ಉಪಕರಣ ಎಳೆಯುವಾಗ ಅದು ಎಡ ಬಲಕ್ಕೆ ಆಡುವಂತೆ ಬಿಡಬಹುದಾದರೂ ರಸ್ತೆಯ ಮೇಲೆ ನಡುವಿನ ತೂತಿಗೆ ಲಾಕ್ ಪಿನ್ ಹಾಕಿ ಬಿಗಿಗೊಳಿಸಲೇಬೇಕು. ಎಳೆತದ ಬಿಂದು ತಗ್ಗಿನಲ್ಲಿರುವುದು ಇದರ ಒಳ್ಳೆಯ ಗುಣ, ಅಚ್ಚಿನಿಂದ ದೂರ ಇರುವುದು ಕೆಟ್ಟ ಗುಣ.

ಮೂರನೆಯದು ಟ್ರ್ಯಾಕ್ಟರಿನ ಹಿಂದೆ ಉಪಕರಣ ಎತ್ತುವ ತೋಳುಗಳಾದ ಹೈಡ್ರಾಲಿಕ್ ಲಿಂಕುಗಳೆರಡರ ನಡುವೆ ಅಡ್ಡಲಾಗಿ ಹಾಕುವ, ಸಾಲು ತೂತುಗಳಿರುವ ಪಟ್ಟಿ. ಹಗುರವಾದ ಸಾಮಾನುಗಳಿಗೆ ಅದು ಸರಿ, ಕಬ್ಬಿನ ಹೇರಿಗೆ ಸಲ್ಲದು. ಲಿಂಕುಗಳು ಪಕ್ಕಕ್ಕೆ ಆಡುತ್ತವೆ, ಹೈಡ್ರಾಲಿಕ್ ಇಳಿದಂತೆ ಕೊಂಡಿಯ ಎತ್ತರವೂ ಬದಲಾಗುತ್ತದೆ, ಲಿಂಕುಗಳನ್ನು ಎತ್ತಿ ಎಳೆದರೆ ಟ್ರ್ಯಾಕ್ಟರ್ ಹಿಂದಕ್ಕೆ ಮಗುಚುವ ಅಪಾಯವೂ ಇದೆ. ನಿಮ್ಮ ಟ್ರೇಲರ್ ಇದಕ್ಕೆ ಸಿಕ್ಕಿಸಿದ್ದರೆ ಮುಂದಿನ ಪರೀಕ್ಷೆಗಳಿಗೆ ಹೋಗುವ ಮುನ್ನ ಕವೆ ಹಿಚ್ಚಿಗೆ ಬದಲಾಯಿಸಿ ಓಡಿಸಿ ನೋಡಿ.

ಇವಲ್ಲದೆ ನಾಲ್ಕು ಗಾಲಿಯ ಟ್ರೇಲರುಗಳಿವೆ. ಅವುಗಳ ಮುಂದಿನ ಅಚ್ಚು ಟರ್ನ್‌ಟೇಬಲ್ ಎಂಬ ತಿರುಗುವ ಚಕ್ರದ ಮೇಲೆ ಕೂತಿದ್ದು, ಮೂಕಿಯು ಬುಡದಲ್ಲಿ ಕೀಲಿನ ಮೇಲೆ ಮೇಲೆ ಕೆಳಗೆ ಆಡುತ್ತದೆ. ಹೇರಿನ ಭಾರವೆಲ್ಲ ಟ್ರೇಲರಿನ ಗಾಲಿಗಳ ಮೇಲೆಯೇ ನಿಲ್ಲುವುದರಿಂದ ಟ್ರ್ಯಾಕ್ಟರಿನ ಮೇಲೆ ಮುಂಭಾರ ಬೀಳುವುದಿಲ್ಲ. ಆದಕಾರಣ ಸ್ಟಿಯರಿಂಗ್ ಅಷ್ಟಾಗಿ ಹಗುರಾಗುವುದಿಲ್ಲ. ಆದರೆ ನೀರು ನಿಂತ ಗದ್ದೆಯಿಂದ ಹೇರನ್ನು ಹೊರತೆಗೆಯುವಾಗ ಹಿಂಗಾಲಿಗೆ ಬೇಕಾದ ಒತ್ತು ಸಿಗದೆ ಗಾಲಿ ಅಲ್ಲೇ ಸುತ್ತುತ್ತದೆ. ಎರಡು ಗಾಲಿಯದನ್ನು ನಮ್ಮ ರೈತರು ಬಿಡದಿರುವುದಕ್ಕೆ ಇದು ಒಂದು ಕಾರಣ, ಮತ್ತು ಅದು ಸರಿಯಾದ ಕಾರಣವೇ.

ನಂಜನಗೂಡು ಕೈಗಾರಿಕಾ ಪ್ರದೇಶಕ್ಕೆ ಸರಕು ತರುವ ಉದ್ದನೆಯ ಲಾರಿಗಳಲ್ಲಿರುವ ಫಿಫ್ತ್ ವೀಲ್ ಕೊಂಡಿಯನ್ನು ಇದರೊಂದಿಗೆ ಹೋಲಿಸಿ ನೋಡಿದರೆ ವಿಷಯ ಸ್ಪಷ್ಟವಾಗುತ್ತದೆ. ಅಲ್ಲಿ ಟ್ರೇಲರಿನ ಭಾರ ಕೂರುವ ತಟ್ಟೆಯು ಹಿಂದಿನ ಅಚ್ಚುಗಳಿಗಿಂತ ಸ್ವಲ್ಪ ಮುಂದೆ ಇರುವುದರಿಂದ ಮುಂಗಾಲಿಗಳಿಗೂ ಅದರ ಪಾಲು ಸಿಗುತ್ತದೆ. ಟ್ರ್ಯಾಕ್ಟರಿನಲ್ಲಿ ಕೊಂಡಿ ಅಚ್ಚಿನ ಹಿಂದಿದೆ. ಹೇರು ಹೆಚ್ಚಿದಷ್ಟೂ ಲಾರಿಯ ಮೂತಿ ನೆಲಕ್ಕೆ ಒತ್ತಿದರೆ ಟ್ರ್ಯಾಕ್ಟರಿನ ಮೂತಿ ಏಳುವುದು ಇದೊಂದೇ ಕಾರಣಕ್ಕೆ.

ಲಕ್ಷಣ: ಹೊರಡುವಾಗಲೂ ನಿಲ್ಲಿಸುವಾಗಲೂ ‘ಧಡ್’ ಎಂದು ಜಗ್ಗುತ್ತದೆ

ಮೊದಲು ಗೇರು ಮತ್ತು ಹೇರನ್ನು ಬದಲಿಸದೆ ಕ್ಲಚ್ಚನ್ನು ನಿಧಾನವಾಗಿ ಬಿಟ್ಟು ನೋಡಿ. ನಿಧಾನವಾಗಿ ಬಿಟ್ಟಾಗ ಟ್ರ್ಯಾಕ್ಟರ್ ತಾನು ಮೊದಲು ಒಂದಿಷ್ಟು ಚಲಿಸಿ, ಆಮೇಲೆ ಒಮ್ಮೆ ಮಾತ್ರ ಹೊಡೆತ ಬಂದರೆ ದೋಷ ಕೊಂಡಿಯ ಸಡಿಲಿನಲ್ಲಿದೆ. ಹೊಡೆತದ ಬದಲು ಇಡೀ ಟ್ರ್ಯಾಕ್ಟರ್ ನಡುಗುತ್ತ ಹೊರಟರೆ ಅದು ಕ್ಲಚ್ಚಿನ ದೋಷವಾಗಿರಬಹುದು, ಖಾಲಿಯಾಗಿ ಏರು ಹತ್ತಿಸಿದಾಗಲೂ ಆ ನಡುಕ ಅಷ್ಟಿಷ್ಟು ಕಾಣಿಸಿಕೊಳ್ಳುತ್ತದೆ.

ಖರ್ಚಿಲ್ಲದ ಪರೀಕ್ಷೆ ಹೀಗೆ. ಖಾಲಿ ಟ್ರೇಲರನ್ನು ಸಿಕ್ಕಿಸಿ, ಗಾಲಿಗಳಿಗೆ ಕಲ್ಲು ಕೊಟ್ಟು, ಎಂಜಿನ್ ಆರಿಸಿದ ನಂತರ ಒಂದು ಹಾರೆಯಿಂದ ಬಳೆಯನ್ನು ಮುಂದಕ್ಕೂ ಹಿಂದಕ್ಕೂ ಮೀಟಿ ನೋಡಿ. ಆಮೇಲೆ ಪಿನ್ನನ್ನು ಹೊರತೆಗೆದು ಬಟ್ಟೆಯಿಂದ ಒರೆಸಿ ಅದರ ನಡುಭಾಗವನ್ನು ಸವರಿ. ಉಗುರಿಗೆ ತಡೆಯುವಂಥ ಹಳ್ಳ ಬಿದ್ದಿದ್ದರೆ, ಅಥವಾ ಸಮತಟ್ಟಾದ ಕಲ್ಲಿನ ಮೇಲೆ ಉರುಳಿಸಿದಾಗ ಪಿನ್ನು ಕುಂಟಿದರೆ, ಅದರ ಕಾಲ ಮುಗಿಯಿತು. ಬಳೆಯ ತೂತು ಗುಂಡಗಿರುವುದರ ಬದಲು ಉದ್ದಕ್ಕೆ ಸವೆದು ಮೊಟ್ಟೆಯಾಕಾರಕ್ಕೆ ತಿರುಗಿದ್ದರೆ ಹೊಸ ಪಿನ್ನು ಒಂದರಿಂದಲೇ ಗುಣ ಕಾಣದು.

ಸಡಿಲು ಇಷ್ಟೇ ತಾನೇ ಎಂದು ಬಿಡಬಾರದು ಎನ್ನುವುದಕ್ಕೆ ಲೆಕ್ಕವಿದೆ. ಟ್ರ್ಯಾಕ್ಟರ್ ಒಂದೇ ಸಮನೆ ವೇಗ ಹೆಚ್ಚಿಸಿಕೊಳ್ಳುತ್ತಿದೆ ಎಂದಿಟ್ಟುಕೊಂಡರೆ, ಸಡಿಲು ಮುಗಿದು ಪಿನ್ನು ಬಳೆಗೆ ತಾಕುವಾಗ ಅದು ತರುವ ಹೊಡೆತದ ಶಕ್ತಿ ಸಡಿಲಿನ ಅಳತೆಗೆ ನೇರ ಅನುಪಾತದಲ್ಲಿ ಬೆಳೆಯುತ್ತದೆ. 5 ಮಿ.ಮೀ. ಇದ್ದದ್ದು 20 ಮಿ.ಮೀ. ಆದರೆ ಹೊಡೆತ ನಾಲ್ಕು ಪಟ್ಟಾಗುತ್ತದೆ. ಆ ಹೊಡೆತ ಪಿನ್ನನ್ನು ಇನ್ನಷ್ಟು ಸವೆಸುತ್ತದೆ, ಸವೆತ ಸಡಿಲನ್ನು ಇನ್ನಷ್ಟು ಹೆಚ್ಚಿಸುತ್ತದೆ. 2023ರ ಆಗಸ್ಟ್ 1ರಿಂದ ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್ ಹೆದ್ದಾರಿಯ ಮುಖ್ಯ ಪಥಗಳಲ್ಲಿ ಟ್ರ್ಯಾಕ್ಟರುಗಳಿಗೆ ಪ್ರವೇಶವಿಲ್ಲದಿರುವುದರಿಂದ ಹೇರು ಸರ್ವೀಸ್ ರಸ್ತೆಯಲ್ಲೇ ಸಾಗಬೇಕು. ಅಲ್ಲಿನ ಹಂಪು, ತಿರುವು, ನಿಲುಗಡೆಗಳಲ್ಲಿ ಪ್ರತಿ ಬಾರಿ ವೇಗ ಇಳಿಸಿ ಏರಿಸುವಾಗಲೂ ಕೊಂಡಿಗೆ ಈ ಏಟು ಬೀಳುತ್ತಿರುತ್ತದೆ.

ಪಿನ್ನು ಸವೆದಿದ್ದರೆ ತಯಾರಕರು ಹೇಳಿದ ಅಳತೆಯ, ಹದ ಮಾಡಿದ ಉಕ್ಕಿನ ಪಿನ್ನನ್ನೇ ತರಬೇಕು. ಕಟ್ಟಡದ ಕಂಬಿ, ಹಳೆಯ ಬೋಲ್ಟು, ವೆಲ್ಡಿಂಗಿನಿಂದ ಹಳ್ಳ ತುಂಬಿಸಿ ಉಜ್ಜಿದ ಪಿನ್ನು ಇವುಗಳಲ್ಲಿ ಯಾವುದನ್ನೂ ಬಳಸಬಾರದು. ವೆಲ್ಡಿಂಗಿನ ಬಿಸಿಗೆ ಉಕ್ಕಿನ ಹದ ಕೆಟ್ಟು, ನೋಡಲು ಗಟ್ಟಿಯಾಗಿ ಕಂಡ ಪಿನ್ನು ಒಂದು ಹಂಪಿನಲ್ಲಿ ಎರಡಾಗುತ್ತದೆ. ಬಳೆ ಸವೆದಿದ್ದರೆ ಲೇತ್ ಅಂಗಡಿಯಲ್ಲಿ ತೂತನ್ನು ಗುಂಡಗೆ ಕೊರೆಸಿ ಬುಷ್ ಹಾಕಿಸಬಹುದು. ಬುಷ್ ಕೂರಿಸಿದ ನಂತರ ಬಳೆಯ ಗೋಡೆ ತೆಳುವಾಗುವಂತಿದ್ದರೆ ಬಳೆಯನ್ನೇ ಬದಲಿಸಬೇಕು. ಪಿನ್ನಿನ ಕೆಳತುದಿಗೆ ಲಾಕ್ ಇದೆಯೇ ಎಂಬುದನ್ನೂ ಇದೇ ಹೊತ್ತಿನಲ್ಲಿ ನೋಡಿ. ಲಾಕ್ ಇಲ್ಲದ ಪಿನ್ನು ಹಂಪಿನಲ್ಲಿ ಎಗರಿ ಹೊರಬರುತ್ತದೆ. ಅಂಥ ಹೊತ್ತಿನಲ್ಲಿ ಟ್ರೇಲರನ್ನು ಹಿಡಿದಿಡುವುದು ಮೂಕಿಯಿಂದ ಟ್ರ್ಯಾಕ್ಟರಿನ ಚೌಕಟ್ಟಿಗೆ ಕಟ್ಟಿದ ಸರಪಳಿ ಮಾತ್ರ.

ಹಾಗೆಂದು ಸಡಿಲನ್ನು ಪೂರ್ತಿ ಇಲ್ಲವಾಗಿಸುವುದೂ ತಪ್ಪು. ಗದ್ದೆಯ ಬದು ದಾಟುವಾಗ, ನಾಲೆಯ ಸಣ್ಣ ಸೇತುವೆ ಹತ್ತುವಾಗ ಟ್ರ್ಯಾಕ್ಟರೊಂದು ಕಡೆ, ಟ್ರೇಲರೊಂದು ಕಡೆ ವಾಲುತ್ತದೆ, ಬಳೆಗೆ ಓರೆಯಾಗಿ ಆಡಲು ಎಡೆ ಬೇಕು. ಸದ್ದು ಬರಬಾರದೆಂದು ಬಳೆಯ ಮೇಲೂ ಕೆಳಗೂ ವಾಷರು ತುರುಕಿ ಬಿಗಿ ಮಾಡಿದಲ್ಲಿ ಹೊಡೆತ ನಿಂತಂತೆ ಕಂಡರೂ ಮೂಕಿಯ ಬುಡದ ವೆಲ್ಡಿಂಗ್ ಬಿರಿಯುತ್ತದೆ. ಸಣ್ಣ ಗಡಗಡ ಸದ್ದಿನೊಂದಿಗೆ ಬಾಳುವುದು ಅದಕ್ಕಿಂತ ಮೇಲು.

ಲಕ್ಷಣ: ಏರಿನಲ್ಲಿ ಮುಂಗಾಲಿ ಹಗುರಾಗಿ ಸ್ಟಿಯರಿಂಗ್ ತಿರುಗಿಸಿದರೂ ಟ್ರ್ಯಾಕ್ಟರ್ ತಿರುಗದು

ಇದು ಎಲ್ಲಕ್ಕಿಂತ ಗಂಭೀರವಾದ ಲಕ್ಷಣ. ಮುಂಗಾಲಿಗಳು ಪುಟಿಯುತ್ತಿದ್ದರೆ, ಅಥವಾ ತಿರುವಿನಲ್ಲಿ ತಿರುಗಿದ ಗಾಲಿ ನೆಲವನ್ನು ಕೆರೆದುಕೊಂಡು ನೇರಕ್ಕೇ ಜಾರುತ್ತಿದ್ದರೆ ಅಂದಿನ ಹೇರನ್ನು ಮುಂದುವರಿಸಬಾರದು.

ಕಾರಣವನ್ನು ಒಂದು ಉದಾಹರಣೆಯಿಂದ ನೋಡೋಣ. ಟ್ರ್ಯಾಕ್ಟರಿನ ತೂಕ 2000 ಕೆ.ಜಿ., ಅದರಲ್ಲಿ ಮುಂಗಾಲಿಗಳ ಮೇಲಿರುವುದು 800 ಕೆ.ಜಿ., ಎರಡು ಅಚ್ಚುಗಳ ನಡುವಿನ ದೂರ 2 ಮೀಟರ್, ಕೊಂಡಿಯು ಹಿಂದಿನ ಅಚ್ಚಿನಿಂದ 60 ಸೆಂ.ಮೀ. ಹಿಂದೆ ಇದೆ ಎಂದಿಟ್ಟುಕೊಳ್ಳೋಣ. ಹೇರೂ ಸೇರಿ 6 ಟನ್ ತೂಗುವ ಎರಡು ಗಾಲಿಯ ಟ್ರೇಲರ್ ಕೊಂಡಿಯ ಮೇಲೆ 800 ಕೆ.ಜಿ. ಒತ್ತಿದರೆ ಮುಂಗಾಲಿಗಳು 800 × 0.6 ÷ 2, ಅಂದರೆ 240 ಕೆ.ಜಿ. ಕಳೆದುಕೊಳ್ಳುತ್ತವೆ. ಉಳಿದದ್ದು 560. ಸಮತಟ್ಟು ರಸ್ತೆಯಲ್ಲಿ ಇಷ್ಟು ಸಾಕು.

ಈಗ ಹದಿನೈದು ಮೀಟರಿಗೆ ಒಂದು ಮೀಟರ್ ಏರುವ ರಸ್ತೆ ಬಂದಿತು ಎನ್ನೋಣ. ಹೇರನ್ನು ಮೇಲಕ್ಕೆಳೆಯಲು 400 ಕೆ.ಜಿ.ಯಷ್ಟು, ಗಾಲಿ ಉರುಳಿಸಲು ಸುಮಾರು 150 ಕೆ.ಜಿ.ಯಷ್ಟು, ಒಟ್ಟು 550 ಕೆ.ಜಿ.ಯ ಎಳೆತ ಬೇಕು. ಕೊಂಡಿ ನೆಲದಿಂದ 50 ಸೆಂ.ಮೀ. ಎತ್ತರದಲ್ಲಿದ್ದರೆ ಆ ಎಳೆತವೂ ಮುಂಗಾಲಿಯಿಂದ 137 ಕೆ.ಜಿ. ಕಸಿಯುತ್ತದೆ. ಟ್ರ್ಯಾಕ್ಟರಿನ ತೂಕವೇ ಏರಿನಲ್ಲಿ ಹಿಂದಕ್ಕೆ ವಾಲುವುದರಿಂದ ಸುಮಾರು 50 ಕೆ.ಜಿ. ಹೋಗುತ್ತದೆ. ಕೊನೆಗೆ ಮುಂಗಾಲಿಯ ಮೇಲೆ ಉಳಿಯುವುದು 373 ಕೆ.ಜಿ. ಟ್ರ್ಯಾಕ್ಟರಿನ ತೂಕದ ಶೇ. 20ರಷ್ಟಾದರೂ ಮುಂಗಾಲಿಯ ಮೇಲಿರಬೇಕು ಎಂಬುದು ಟ್ರ್ಯಾಕ್ಟರ್ ಕೈಪಿಡಿಗಳಲ್ಲಿ ಸಾಮಾನ್ಯವಾಗಿ ಕಾಣುವ ನಿಯಮ, ಇಲ್ಲಿ ಅದು 400 ಕೆ.ಜಿ. ಹೀಗೆ ಸಮತಟ್ಟಿನಲ್ಲಿ ಯಾವ ದೋಷವನ್ನೂ ತೋರದ ಗಾಡಿ ಅಂಡರ್‌ಪಾಸಿನಿಂದ ಮೇಲೇರುವಾಗ ಮಿತಿ ದಾಟಿರುತ್ತದೆ.

ಆದ್ದರಿಂದ ಮೊದಲ ಪರೀಕ್ಷೆ ಹೇರು ಕೂತಿರುವ ರೀತಿಯದು. ಕಬ್ಬಿನ ಕಟ್ಟುಗಳು ಟ್ರೇಲರಿನ ಮುಂಗೋಡೆಗೆ ಒತ್ತಿ, ಮೇಲಕ್ಕೂ ಮುಂದಕ್ಕೂ ಚಾಚಿಕೊಂಡಿದ್ದರೆ ಅವನ್ನು ಹಿಂದಕ್ಕೆ ಹಂಚಿ ಕಟ್ಟಬೇಕು. ಮೇಲಿನ ಉದಾಹರಣೆಯಲ್ಲಿ ಕೊಂಡಿಯ ಭಾರವನ್ನು 800ರಿಂದ 600ಕ್ಕೆ ಇಳಿಸಿದರೆ ಮುಂಗಾಲಿಗೆ 60 ಕೆ.ಜಿ. ಹಿಂದಿರುಗುತ್ತದೆ, ಕೊಂಡಿಯನ್ನು 10 ಸೆಂ.ಮೀ. ತಗ್ಗಿಸಿದರೆ ಸಿಗುವುದು ಸುಮಾರು 27 ಕೆ.ಜಿ. ಮಾತ್ರ. ಹಿಚ್ಚಿನ ತೂತು ಬದಲಿಸುವುದಕ್ಕಿಂತ ಹೇರನ್ನು ಸರಿಯಾಗಿ ಹೂಡುವುದರಿಂದ ಲಾಭ ಹೆಚ್ಚು ಎಂದು ನಾನು ಹೇಳುವುದು ಈ ಲೆಕ್ಕದ ಬಲದಿಂದ. ತೀರಾ ಹಿಂದಕ್ಕೆ ತಳ್ಳಿದರೆ ಏನಾಗುತ್ತದೆ ಎಂಬುದನ್ನು ಮುಂದಿನ ಲಕ್ಷಣದಲ್ಲಿ ಹೇಳಿದ್ದೇನೆ.

ಊಹೆಯನ್ನು ಬಿಟ್ಟು ಅಳೆಯಬೇಕೆಂದರೆ ವಾಹನವನ್ನೇ ತಟ್ಟೆಯ ಮೇಲೆ ಹತ್ತಿಸಿ ತೂಗುವ ವೇ ಬ್ರಿಡ್ಜ್ ಇದೆ. ಖಾಲಿ ಟ್ರ್ಯಾಕ್ಟರನ್ನು ಮೊದಲು ತೂಗಿ. ನಂತರ ಲೋಡಾದ ಟ್ರೇಲರನ್ನು ಸಿಕ್ಕಿಸಿಕೊಂಡು ಬಂದು, ಟ್ರ್ಯಾಕ್ಟರ್ ಮಾತ್ರ ತಟ್ಟೆಯ ಮೇಲೆ, ಟ್ರೇಲರಿನ ಗಾಲಿಗಳು ಹೊರಗೆ ಇರುವಂತೆ ನಿಲ್ಲಿಸಿ ತೂಗಿ. ಎರಡರ ವ್ಯತ್ಯಾಸವೇ ಕೊಂಡಿಯ ಮೇಲಿನ ಭಾರ. ಮುಂಗಾಲಿಗಳನ್ನು ಮಾತ್ರ ತಟ್ಟೆಗೆ ಹತ್ತಿಸಿದರೆ ಅವುಗಳ ಮೇಲೆ ಎಷ್ಟು ಉಳಿದಿದೆ ಎಂಬುದೂ ತಿಳಿಯುತ್ತದೆ. ತಟ್ಟೆಯೂ ಸುತ್ತಲಿನ ನೆಲವೂ ಒಂದೇ ಮಟ್ಟದಲ್ಲಿರುವ ಕಡೆ ತೂಗಿದರೆ ಮಾತ್ರ ಅಂಕಿ ನಂಬಿಕೆಗೆ ಅರ್ಹ. ಕೊಂಡಿಯ ಮೇಲೆ ಗರಿಷ್ಠ ಎಷ್ಟು ಭಾರ ಬೀಳಬಹುದೆಂಬುದು ಟ್ರ್ಯಾಕ್ಟರಿನ ಕೈಪಿಡಿಯಲ್ಲಿ ಇರುತ್ತದೆ.

ಹೇರು ಸರಿಯಿದ್ದೂ ಲಕ್ಷಣ ಉಳಿದರೆ ಕೊಂಡಿಯ ಎತ್ತರ ಮತ್ತು ಉದ್ದವನ್ನು ನೋಡಿ. ಯಾರಾದರೂ ಹಿಚ್ಚಿಗೆ ಪಟ್ಟಿ ಬೆಸೆದು ಹಿಂದಕ್ಕೆ ಉದ್ದ ಮಾಡಿಸಿದ್ದರೆ ಅದನ್ನು ತೆಗೆಸಬೇಕು. ತಗ್ಗಿನ ತೂತಿಗೆ ಇಳಿಸಬಹುದು, ಆದರೆ ಬದು ದಾಟುವಾಗ ಹಿಚ್ ನೆಲಕ್ಕೆ ತಾಕದಷ್ಟು ಎಡೆ ಉಳಿಯಬೇಕು. ಹಿಂದಿನ ಅಚ್ಚಿಗಿಂತ ಎತ್ತರದಲ್ಲಿ, ಉಪಕರಣಗಳ ಮೇಲ್ತೋಳಾದ ಟಾಪ್ ಲಿಂಕ್ ಕೂರುವ ಜಾಗಕ್ಕೆ ಸರಪಳಿ ಅಥವಾ ಟ್ರೇಲರ್ ಸಿಕ್ಕಿಸುವುದು ಟ್ರ್ಯಾಕ್ಟರನ್ನು ಚಾಲಕನ ಮೇಲೆಯೇ ಮಗುಚುವ ಕೆಲಸ. ಅದನ್ನು ಯಾವ ಅವಸರದಲ್ಲೂ ಮಾಡಬಾರದು. ಮುಂದಿನ ಬಂಪರಿಗೆ ತೂಕದ ಬಿಲ್ಲೆ ಹಾಕುವುದು ಕೊನೆಯ ಉಪಾಯ. ಅದರಿಂದ ಸ್ಟಿಯರಿಂಗ್ ಮರಳಿ ಬರುತ್ತದೆ, ಆದರೆ ಕೊಂಡಿಯ ಮೇಲಿನ ಹೊರೆ ಒಂದು ಕೆ.ಜಿ.ಯೂ ಕಡಿಮೆಯಾಗುವುದಿಲ್ಲ.

ಲಕ್ಷಣ: ಟ್ರೇಲರ್ ಬಾಲ ಬೀಸುತ್ತದೆ

ಸ್ವಲ್ಪ ವೇಗ ಹಿಡಿದ ಕೂಡಲೇ ಟ್ರೇಲರ್ ಎಡಕ್ಕೂ ಬಲಕ್ಕೂ ಬೀಸಲಾರಂಭಿಸಿ, ಟ್ರ್ಯಾಕ್ಟರಿನ ಹಿಂಭಾಗವನ್ನೂ ಜೊತೆಗೆಳೆಯುತ್ತದೆ. ಎರಡು ಗಾಲಿಯ ಟ್ರೇಲರಿನಲ್ಲಿ ಮೊದಲು ಸಂಶಯಿಸಬೇಕಾದದ್ದು ಹಿಂಭಾರವನ್ನು. ಟ್ರೇಲರಿನ ಒಟ್ಟು ತೂಕದ ಹತ್ತನೆಯ ಒಂದು ಪಾಲಾದರೂ ಕೊಂಡಿಯ ಮೇಲಿದ್ದರೆ ಗಾಡಿ ನೇರಕ್ಕೆ ಬರುತ್ತದೆ. ಕಟ್ಟುಗಳು ಹಿಂಬಾಗಿಲಿನಾಚೆ ಚಾಚಿ ನೇತಾಡುತ್ತಿದ್ದರೆ ಅಷ್ಟು ಭಾರ ಉಳಿದಿರುವುದಿಲ್ಲ.

ಓಡುತ್ತಿರುವಾಗ ಬೀಸು ಆರಂಭವಾದರೆ ಆಕ್ಸಿಲರೇಟರನ್ನು ಮೆಲ್ಲಗೆ ಬಿಡುತ್ತ ಸ್ಟಿಯರಿಂಗನ್ನು ನೇರಕ್ಕೆ ಹಿಡಿದಿರಬೇಕು. ಥಟ್ಟನೆ ಬ್ರೇಕ್ ಒತ್ತುವುದಾಗಲಿ, ಬೀಸಿನ ಎದುರು ದಿಕ್ಕಿಗೆ ಸ್ಟಿಯರಿಂಗ್ ಎಳೆದಾಡುವುದಾಗಲಿ ಅದನ್ನು ಹೆಚ್ಚಿಸುತ್ತದೆ. ವಿಶ್ವೇಶ್ವರಯ್ಯ ನಾಲೆಯ ಏರಿ ರಸ್ತೆಗಳಲ್ಲಿ ತಡೆಗೋಡೆ ಇಲ್ಲದ ಕಡೆ ಬೀಸುವ ಟ್ರೇಲರನ್ನು ಓಡಿಸುವುದೇ ಬೇಡ.

ಹೇರು ಸರಿಯಿದ್ದರೆ ಟೈರುಗಳಿಗೆ ಬನ್ನಿ. ಗದ್ದೆ ಕೆಲಸಕ್ಕೆಂದು ಗಾಳಿ ಇಳಿಸಿದ ಟ್ರ್ಯಾಕ್ಟರ್ ಟೈರುಗಳಲ್ಲೇ ರಸ್ತೆಗೆ ಬಂದಿದ್ದರೆ ಅವುಗಳ ಮಗ್ಗುಲು ಪಕ್ಕಕ್ಕೆ ಬಾಗಿ ಬೀಸಿಗೆ ಎಡೆ ಕೊಡುತ್ತದೆ. ಟ್ರೇಲರಿನ ಎರಡು ಟೈರುಗಳಲ್ಲಿ ಗಾಳಿ ಒಂದೇ ಸಮ ಇರಬೇಕು. ಆಮೇಲೆ ಕೊಂಡಿಯ ಎಡ ಬಲದ ಆಟ: ಡ್ರಾಬಾರಿನ ಲಾಕ್ ಪಿನ್ ಇದೆಯೇ, ಕವೆ ಹಿಚ್ಚಿನ ಬೋಲ್ಟುಗಳು ಸಡಿಲವಾಗಿವೆಯೇ ಎಂದು ನೋಡಿ.

ಇನ್ನೊಂದು ಪರೀಕ್ಷೆಗೆ ಒಂದು ಹಗ್ಗ ಸಾಕು. ಹಿಗ್ಗದ ಹಗ್ಗವನ್ನು ಬಳೆಯ ನಡುವಿನಿಂದ ಎಡಗಾಲಿಯ ಹಬ್ಬಿನ ನಡುವಿನವರೆಗೆ ಎಳೆದು ಗುರುತು ಹಾಕಿ, ಅದೇ ಹಗ್ಗವನ್ನು ಬಲಗಾಲಿಗೆ ಹಿಡಿಯಿರಿ. ವ್ಯತ್ಯಾಸ ಒಂದೆರಡು ಬೆರಳಗಲ ಬಂದರೆ ಅಚ್ಚು ಓರೆಯಾಗಿದೆ. ಪಟ್ಟಿ ಸ್ಪ್ರಿಂಗಿರುವ ಟ್ರೇಲರುಗಳಲ್ಲಿ ಅಚ್ಚನ್ನು ಸ್ಪ್ರಿಂಗಿಗೆ ಬಿಗಿಯುವ ಯು-ಬೋಲ್ಟು ಸಡಿಲವಾಗಿ ಸೆಂಟರ್ ಬೋಲ್ಟು ತುಂಡಾದಾಗ ಹೀಗಾಗುತ್ತದೆ. ಹಿಂದೆ ನಿಂತು ನೋಡಿದವರಿಗೆ ಟ್ರೇಲರ್ ಏಡಿಯಂತೆ ಓರೆಯಾಗಿ ನಡೆಯುವುದು ಕಾಣಿಸುತ್ತದೆ. ಅದನ್ನು ಸರಿಪಡಿಸುವುದು ಗ್ಯಾರೇಜಿನ ಕೆಲಸ. ಹಬ್ಬಿನ ಬೇರಿಂಗಿನ ಸಡಿಲು, ಟ್ರ್ಯಾಕ್ಟರಿನ ಮುಂದಿನ ಅಚ್ಚಿನ ಸೆಂಟರ್ ಪಿನ್, ಟೈ ರಾಡಿನ ತುದಿಗಳು ಇವುಗಳ ಪರಿಶೀಲನೆಯನ್ನು ಇಲ್ಲಿಗೆ ಬಂದ ಮೇಲೆ ಮಾಡಿಸಿದರೆ ಸಾಕು.

ಒಂದರ ಹಿಂದೆ ಒಂದು ಎರಡು ಟ್ರೇಲರ್ ಕಟ್ಟಿದಾಗ ಬರುವ ಬೀಸು ಬೇರೆ ಬಗೆಯದು. ಎರಡನೆಯದರ ಮೂಕಿ ಮೊದಲನೆಯದರ ಹಿಂತುದಿಯನ್ನು ಒತ್ತುವುದರಿಂದ ಮೊದಲನೆಯದರ ಬಳೆ ಮೇಲೇಳುತ್ತದೆ. ಅಂದರೆ ಹೇರನ್ನು ಎಷ್ಟೇ ಸರಿಯಾಗಿ ಹೂಡಿದ್ದರೂ ಮೊದಲ ಟ್ರೇಲರಿಗೆ ಹಿಂಭಾರ ತಾನಾಗಿ ಬರುತ್ತದೆ. ಕೊಂಡಿಯ ಯಾವ ತಿದ್ದುಪಡಿಯಿಂದಲೂ ಇದು ಗುಣವಾಗುವಂಥದ್ದಲ್ಲ, ಎರಡನೆಯದನ್ನು ಬಿಚ್ಚುವುದೇ ಪರಿಹಾರ.

ಲಕ್ಷಣ: ಬ್ರೇಕ್ ಒತ್ತಿದಾಗ ಹಿಂದಿನಿಂದ ತಳ್ಳುತ್ತದೆ, ಟ್ರ್ಯಾಕ್ಟರ್ ಒಂದು ಮಗ್ಗುಲಿಗೆ ಎಳೆಯುತ್ತದೆ

ಟ್ರ್ಯಾಕ್ಟರಿನ ಎಡ ಬಲದ ಬ್ರೇಕ್ ಪೆಡಲುಗಳನ್ನು ಜೋಡಿಸುವ ಚಿಲಕ ಹಾಕಿದೆಯೇ ಎಂದು ಎಲ್ಲಕ್ಕಿಂತ ಮೊದಲು ನೋಡಿ. ಹೊಲದಲ್ಲಿ ಚಿಕ್ಕ ತಿರುವಿಗೆಂದು ಬಿಡಿಸಿದ ಚಿಲಕವನ್ನು ರಸ್ತೆಗೆ ಬಂದಾಗ ಹಾಕಲು ಮರೆತರೆ ಒಂದೇ ಹಿಂಗಾಲಿ ಹಿಡಿಯುತ್ತದೆ, ಹಿಂದಿನಿಂದ ಹೇರು ತಳ್ಳುತ್ತಿರುವಾಗ ಟ್ರ್ಯಾಕ್ಟರ್ ಅಡ್ಡ ತಿರುಗಿ ಮಡಚಿಕೊಳ್ಳುತ್ತದೆ. ಚಿಲಕ ಹಾಕಿದ್ದೂ ಒಂದು ಕಡೆಗೆ ಎಳೆದರೆ ಎರಡು ಬ್ರೇಕುಗಳ ಹೊಂದಾಣಿಕೆ ಸಮನಾಗಿಲ್ಲ, ಮೆಕ್ಯಾನಿಕ್ ಬಳಿ ಸರಿಪಡಿಸಿಕೊಳ್ಳಬೇಕು.

ನೇರಕ್ಕೆ ತಳ್ಳುತ್ತಿದ್ದರೆ ಅದು ದೋಷವೇ ಆಗಿರಬೇಕೆಂದಿಲ್ಲ. ಟ್ರೇಲರಿಗೆ ತನ್ನದೇ ಬ್ರೇಕ್ ಇಲ್ಲದಿದ್ದರೆ ಅದರ ಅಷ್ಟೂ ತೂಕವನ್ನು ನಿಲ್ಲಿಸುವುದು ಟ್ರ್ಯಾಕ್ಟರಿನ ಹಿಂಗಾಲಿಗಳು ಮಾತ್ರ. ಇಳಿಜಾರು ಆರಂಭವಾಗುವ ಮುನ್ನವೇ ತಗ್ಗಿನ ಗೇರಿಗೆ ಬಂದು ಎಂಜಿನ್ನಿನ ಹಿಡಿತದಲ್ಲಿ ಇಳಿಯಬೇಕು. ಡೀಸೆಲ್ ಉಳಿಸಲೆಂದು ನ್ಯೂಟ್ರಲ್ ಮಾಡುವುದು, ಕ್ಲಚ್ ಒತ್ತಿಕೊಂಡು ಇಳಿಯುವುದು ಆ ಹಿಡಿತವನ್ನು ಕೈಬಿಟ್ಟಂತೆ. ಟ್ರೇಲರಿಗೆ ಬ್ರೇಕ್ ಇದ್ದೂ ತಳ್ಳುತ್ತಿದ್ದರೆ ಅದರ ಪೈಪು, ಸಂಪರ್ಕ ಕೊಂಡಿ, ಲೈನರುಗಳನ್ನು ತೋರಿಸಿ.

ಲಕ್ಷಣ: ತಿರುವಿನಲ್ಲಿ ಕಿರುಗುಟ್ಟುತ್ತದೆ, ತಿರುವು ಮುಗಿದರೂ ಟ್ರೇಲರ್ ನೇರಕ್ಕೆ ಬರುವುದಿಲ್ಲ

ಇದು ಹೆಚ್ಚಾಗಿ ನಾಲ್ಕು ಗಾಲಿಯ ಟ್ರೇಲರಿನ ಲಕ್ಷಣ. ಟರ್ನ್‌ಟೇಬಲ್ ಒಣಗಿದ್ದರೆ ಮೂಕಿ ಸುಲಭವಾಗಿ ತಿರುಗದೆ ಟ್ರ್ಯಾಕ್ಟರಿನ ಹಿಂಭಾಗವನ್ನು ಪಕ್ಕಕ್ಕೆ ತಳ್ಳುತ್ತದೆ. ಗ್ರೀಸು ತುಂಬುವ ನಿಪ್ಪಲುಗಳನ್ನು ಒರೆಸಿ, ಹಳೆಯ ಗ್ರೀಸು ಅಂಚಿನಿಂದ ಹೊರಬರುವವರೆಗೆ ಹೊಸದನ್ನು ತುಂಬಿಸಿ. ಹೊರಬಂದ ಗ್ರೀಸಿನಲ್ಲಿ ಲೋಹದ ಚೂರು ಮಿನುಗಿದರೆ ಒಳಗಿನ ಗುಂಡುಗಳೋ ಹಾದಿಯೋ ಸವೆದಿವೆ ಎಂದರ್ಥ. ಖಾಲಿ ಟ್ರೇಲರಿನ ಮುಂಭಾಗವನ್ನು ಜಾಕಿಯಿಂದ ತುಸು ಎತ್ತಿ, ಗಟ್ಟಿ ಆಧಾರ ಕೊಟ್ಟು, ಮುಂದಿನ ಅಚ್ಚನ್ನು ಹಾರೆಯಿಂದ ಮೀಟಿದಾಗ ಮೇಲಿನ ಕೆಳಗಿನ ಚಕ್ರಗಳು ಬಾಯಿ ಬಿಟ್ಟರೆ ಟರ್ನ್‌ಟೇಬಲ್ ಬದಲಿಸುವ ಹೊತ್ತು ಬಂದಿದೆ. ಎರಡು ಗಾಲಿಯದರಲ್ಲಿ ಇದೇ ಸದ್ದು ಬಂದರೆ ಹಿಂಗಾಲಿಯ ಟೈರಾಗಲಿ, ಕೆಳಗಿಳಿದ ಹೈಡ್ರಾಲಿಕ್ ಲಿಂಕಾಗಲಿ ಮೂಕಿಗೆ ಉಜ್ಜುತ್ತಿದೆಯೇ ಎಂದು ನೋಡಿದರೆ ಸಾಕು, ಉಜ್ಜಿದ ಜಾಗ ಹೊಳೆಯುತ್ತಿರುತ್ತದೆ.

ಲಕ್ಷಣ: ಹಿಚ್ಚಿನ ಬುಡದಲ್ಲಿ ತುಕ್ಕಿನ ಪುಡಿ, ಎಣ್ಣೆಯ ಪಸೆ, ಕೂದಲೆಳೆಯ ಬಿರುಕು

ಇವು ಓಡಿಸುವಾಗ ತಿಳಿಯುವುದಿಲ್ಲ, ತೊಳೆದು ನೋಡಿದಾಗ ಮಾತ್ರ ಕಾಣುತ್ತವೆ. ಬೋಲ್ಟಿನ ತಲೆಯ ಸುತ್ತ ಕೆಂಪು ಪುಡಿ ಕಂಡರೆ ಆ ಬೋಲ್ಟು ಸಡಿಲವಾಗಿ ಲೋಹಕ್ಕೆ ಲೋಹ ಉಜ್ಜುತ್ತಿದೆ. ಕೈಪಿಡಿಯಲ್ಲಿ ಹೇಳಿದ ಬಿಗಿತಕ್ಕೆ ಟಾರ್ಕ್ ಪಾನದಿಂದ ಬಿಗಿಯಬೇಕು, ಮತ್ತೆ ಸಡಿಲಾದರೆ ಬೋಲ್ಟುಗಳ ಇಡೀ ಗುಂಪನ್ನು ಅದೇ ದರ್ಜೆಯವುಗಳಿಂದ ಬದಲಿಸಬೇಕು. ಮೂಕಿಯ ವೆಲ್ಡಿಂಗಿನಲ್ಲಿ ಬಿರುಕಿದ್ದರೆ ಹೇರು ನಿಲ್ಲಿಸಿ. ಬಿರುಕಿನ ಮೇಲೆ ಪಟ್ಟಿ ಇಟ್ಟು ಬೆಸೆದರೆ ಬಿರುಕು ಒಳಗೊಳಗೇ ಬೆಳೆಯುತ್ತದೆ, ಅದನ್ನು ಕೊನೆಯವರೆಗೂ ಕೆತ್ತಿ ತೆಗೆದು ತುಂಬಬಲ್ಲ ವೆಲ್ಡರ್ ಬೇಕು.

ಬೋಲ್ಟು ಕೂರುವ ಹೌಸಿಂಗಿನಿಂದಲೇ ಎಣ್ಣೆ ಜಿನುಗುತ್ತಿದ್ದರೆ ಎರಕದ ಕಬ್ಬಿಣ ಸೀಳಿರುವ ಸಾಧ್ಯತೆಯಿದೆ. ಅದನ್ನು ರಸ್ತೆ ಬದಿಯ ವೆಲ್ಡಿಂಗಿನಿಂದ ಸರಿಪಡಿಸಲು ಹೋಗದೆ, ಟ್ರೇಲರನ್ನು ಇದ್ದಲ್ಲೇ ಬಿಟ್ಟು, ಕಬ್ಬನ್ನು ಬೇರೆ ಗಾಡಿಗೆ ತುಂಬಿಸಿ ಕಳುಹಿಸಿ, ಟ್ರ್ಯಾಕ್ಟರನ್ನು ಮಾತ್ರ ನಿಧಾನವಾಗಿ ಕಂಪನಿಯ ಅಧಿಕೃತ ಸರ್ವೀಸ್ ಕೇಂದ್ರಕ್ಕೆ ಒಯ್ಯಬೇಕು.